ಹನುಮಕ್ಕ ಮಿಸ್ ಕೊಡುತ್ತಿದ್ದ ಶಿಕ್ಷೆ

ಬೊಂಬಿನ ಒಂದು ತುದಿ ಅಂಜನಪ್ಪನ ಕೈಯಲ್ಲಿತ್ತು, ಇನ್ನೊಂದು ತುದಿ ಜಬೀವುಲ್ಲನ ಕೈಯಲ್ಲಿ. ಇಬ್ಬರೂ ಐವತ್ತರ ಹತ್ತಿರದವರು, ಇಬ್ಬರಿಗೂ ಹೊಟ್ಟೆ ಬಂದಿತ್ತು, ಇಬ್ಬರೂ ಬಿಡುತ್ತಿರಲಿಲ್ಲ.

"ಬಿಡು ಜಬಿ. ಚಟ್ಟ ನಮ್ಮ ಕಡೆ ಕಟ್ತಾರೆ."

"ಯಾಕ್ ಬಿಡ್ಲಿ? ಬೊಂಬು ತಂದಿದ್ದು ನಾನು."

"ತಂದಿದೀಯ, ಸಂತೋಷ. ಇಲ್ಲಿಟ್ಟು ಹೋಗು."

"ಹೋಗು ಅಂದ್ರೆ? ನಾನೇನು ಬೊಂಬು ಮಾರೋಕೆ ಬಂದವನಾ? ನನಗೂ ಅವರು ಮಿಸ್ಸೇ."

ಅಂಜನಪ್ಪನ ಹಿಂದೆ ಗುಡಿ ಗಲ್ಲಿಯವರು ನಿಂತಿದ್ದರು. ಜಬೀವುಲ್ಲನ ಹಿಂದೆ ಮಸೀದಿ ಗಲ್ಲಿಯವರು. ಯಾರೋ ಒಬ್ಬ ಆಗಲೇ ಫೋನು ಎತ್ತಿ ಹಿಡಿದಿದ್ದ.

ಚಾಮರಾಜಪೇಟೆಯ ದೊಡ್ಡ ರಸ್ತೆಯಿಂದ ಆ ಎರಡು ಗಲ್ಲಿಗಳು ಇಳಿಯುತ್ತವೆ. ಒಂದರಲ್ಲಿ ಆಂಜನೇಯನ ಗುಡಿ, ಒಂದರಲ್ಲಿ ಮಸೀದಿ. ಎರಡೂ ಇಳಿದು ಬಂದು ಕೂಡುವ ಮೂಲೆಯಲ್ಲಿ ಹನುಮಕ್ಕನ ಮನೆ. ಮನೆ ಅಂದರೆ ಮುಂದೊಂದು ಅಗಲವಾದ ಕೋಣೆ, ಹಿಂದೆ ಅಡಿಗೆಗೆ ಒಂದಿಷ್ಟು ಜಾಗ. ಆ ಮುಂದಿನ ಕೋಣೆಯೇ ಬಾಲವಾಡಿ. ಮೊದಲು ಅದನ್ನು ಮಹಿಳಾ ಸಮಾಜದವರು ನಡೆಸುತ್ತಿದ್ದರು. ಸಮಾಜ ಮುಚ್ಚಿದ ಮೇಲೂ ಹನುಮಕ್ಕ ಚಾಪೆ ಎತ್ತಲಿಲ್ಲ. ಎರಡೂ ಗಲ್ಲಿಯ ಮಕ್ಕಳು ಸ್ಕೂಲಿಗೆ ಸೇರುವ ಮುಂಚೆ ಬಂದು ಕೂರುತ್ತಿದ್ದದ್ದು ಅಲ್ಲಿಯೇ. ಅವತ್ತು ಬೆಳಗಿನ ಜಾವ ಹನುಮಕ್ಕ ತೀರಿಕೊಂಡಿದ್ದರು. ಮಕ್ಕಳು ಕೂರುವ ಚಾಪೆಯ ಮೇಲೆಯೇ ಅವರನ್ನು ಮಲಗಿಸಿದ್ದರು. ತಲೆದೆಸೆಯಲ್ಲಿ ದೀಪ. ಗೋಡೆಯ ಮೇಲೆ ಮಗಳು ತಂದು ಹಾಕಿದ್ದ ಬುದ್ಧನ ಪಟ, ಅದರ ಪಕ್ಕದಲ್ಲಿ ಅಮ್ಮನೇ ತೂಗುಹಾಕಿದ್ದ ಆಂಜನೇಯನ ಕ್ಯಾಲೆಂಡರ್.

ಮುಕ್ತಿವಾಹನ ಗಲ್ಲಿಯೊಳಗೆ ಬರುವುದಿಲ್ಲ. ದೊಡ್ಡ ರಸ್ತೆಯವರೆಗೆ ಹೊತ್ತುಕೊಂಡೇ ಹೋಗಬೇಕು. ಯಾವ ಗಲ್ಲಿಯಲ್ಲಿ ಹೋದರೂ ಅಷ್ಟೇ ದೂರ. ಜಗಳ ಇದ್ದದ್ದು ಅದಕ್ಕೇ. ನಮ್ಮ ಗಲ್ಲಿಯಲ್ಲಿ ಬೇಡ ಎಂದು ಯಾರೂ ಹೇಳಲಿಲ್ಲ. ನಮ್ಮ ಗಲ್ಲಿಯಲ್ಲೇ ಆಗಬೇಕು ಎಂದು ಇಬ್ಬರೂ ಹಟ ಹಿಡಿದಿದ್ದರು.

ಆರು ತಿಂಗಳಿಗೆ ಮುಂಚೆ ಆಗಿದ್ದರೆ ಇದು ತಮಾಷೆಯಲ್ಲೇ ಮುಗಿಯುತ್ತಿತ್ತು. ಆಗ ಗುಡಿ ಗಲ್ಲಿಯ ಹುಡುಗನೊಬ್ಬನ ಬೈಕು ಮಸೀದಿ ಗಲ್ಲಿಯ ಮಗುವಿಗೆ ತಗುಲಿ ಮೊಣಕಾಲು ತರಚಿತು. ಸುದ್ದಿ ಫೋನಿನಿಂದ ಫೋನಿಗೆ ಹೋಗುತ್ತಾ ಹೋಗುತ್ತಾ ಮಗುವೇ ಹೋಯಿತು ಅಂತಾಯಿತು. ಕಲ್ಲು ಬಿತ್ತು. ಒಂದು ಅಂಗಡಿಯ ಷಟರ್ ಬಗ್ಗಿತು. ಎರಡೂ ಕಡೆಯ ಹುಡುಗರು ಒಂದು ರಾತ್ರಿ ಸ್ಟೇಷನ್ನಿನಲ್ಲಿ ಕೂತು ಬಂದರು. ಮೊಣಕಾಲು ವಾರದಲ್ಲಿ ಮಾಯಿತು. ಮಿಕ್ಕಿದ್ದು ಮಾಯಲಿಲ್ಲ. ಬಾಲವಾಡಿಗೆ ಮಕ್ಕಳು ಬರುವುದು ನಿಂತಿತು. "ಸ್ವಲ್ಪ ದಿನ ಆಗ್ಲಿ ಮಿಸ್" ಎಂದು ಎರಡೂ ಕಡೆಯವರು ಒಂದೇ ಮಾತು ಹೇಳಿದರು. ಹನುಮಕ್ಕ ಮಾತ್ರ ದಿನಾ ಬೆಳಿಗ್ಗೆ ಚಾಪೆ ಹಾಸಿ, ಬಾಗಿಲು ತೆಗೆದಿಟ್ಟು ಕೂರುತ್ತಿದ್ದರು. ಮಧ್ಯಾಹ್ನ ಸುತ್ತಿಡುತ್ತಿದ್ದರು.

ಮಗಳು ಯಶೋಧರಾ ಖಜಾನೆಯಲ್ಲಿ ಗುಮಾಸ್ತೆ, ಕೆಂಗೇರಿಯ ಕಡೆ ವಾಸ. ಈಗ ಅಮ್ಮನ ಪಕ್ಕದಲ್ಲಿ ಕೂತು ಹೊರಗಿನ ಮಾತು ಕೇಳುತ್ತಿದ್ದಳು. ಅಮ್ಮನನ್ನು ಕಳಿಸುವ ದಿನ ಅಮ್ಮನ ಹೆಸರಿನಲ್ಲೇ ಇನ್ನೊಂದು ಕಲ್ಲು ಬೀಳಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸೋದರಮಾವ ವೆಂಕಟಪ್ಪ ಒಳಗೆ ಬಂದರು. ಮಾಗಡಿ ಕಡೆಯ ಊರಿನವರು. ಮಣ್ಣು ಮಾಡುವ ಕೆಲಸದಲ್ಲಿ ಅವರ ಮಾತು ನಡೆಯುತ್ತಿತ್ತು.

"ಯಾವುದಾದ್ರೂ ಒಂದು ಗಲ್ಲಿ ಹೇಳ್ಬಿಡಮ್ಮ. ಐದು ಗಂಟೆ ಮೇಲೆ ರುದ್ರಭೂಮೀಲಿ ಗುಂಡಿ ಮುಚ್ಚೋಕೆ ಯಾರೂ ಇರಲ್ಲ."

"ಒಂದು ಹೇಳಿದ್ರೆ ಇನ್ನೊಂದು ಗಲ್ಲಿ ಬಾಗಿಲು ಹಾಕ್ಕೊಳ್ಳುತ್ತೆ ಮಾವ. ಎರಡರಲ್ಲೂ ಹೋಗೋಕಾಗಲ್ವಾ?"

"ಅದೆಂಗಾಯ್ತದೆ? ಎತ್ತಿದ ಮೇಲೆ ಮನೆ ಮುಂದೆ ವಾಪಸ್ ಬರಂಗಿಲ್ಲ. ಚಟ್ಟ ಹಿಂದಕ್ಕೆ ತಿರುಗಂಗಿಲ್ಲ. ಒಂದೇ ದಾರಿ." ಮಾವನ ಗಮನ ಬಾಗಿಲಲ್ಲಿದ್ದ ಮೂಟೆಯ ಕಡೆ ಹೋಯಿತು. ಕೈ ಹಾಕಿ ನೋಡಿದರು. "ಇದ್ಯಾರು ತಂದಿದ್ದು? ಪುರಿಗೆ ಹುರಿಗಡ್ಲೆ ಬೆರೆಸವ್ರಲ್ಲ! ಹೆಣದ ಮುಂದೆ ಎರಚೋಕೋ, ಕೂತ್ಕೊಂಡು ತಿನ್ನೋಕೋ?"

ಹೊರಗಿನಿಂದ ಜಬೀವುಲ್ಲ ಬಗ್ಗಿ ನೋಡಿದ. ಬೊಂಬು ಇನ್ನೂ ಅವನ ಕೈಯಲ್ಲೇ ಇತ್ತು.

"ನಾನೇ ತಂದಿದ್ದು. ನಿಮ್ಮಲ್ಲಿ ಪುರಿ, ಕಡ್ಲೆ, ಕಾಸು ಎರಚ್ತಾರೆ ಅಂತ ಇವನೇ ಹೇಳಿದ್ದ. ಬಾಲವಾಡೀಲಿ. ಎಲ್ಲರ ಮುಂದೆ."

ಅಂಜನಪ್ಪನ ಮುಖ ಸಣ್ಣಗಾಯಿತು. "ಕಡ್ಲೆ ನಾನು ಸೇರಿಸಿ ಹೇಳಿದ್ದು ಕಣೋ. ನಂಗೆ ಕಡ್ಲೆ ಇಷ್ಟ ಇತ್ತು."

"ಅಂದ್ರೆ ಇಷ್ಟು ವರ್ಷ ನಾನು ಸುಳ್ಳು ನಂಬ್ಕೊಂಡಿದ್ನಾ?"

ಗುಂಪಿನಲ್ಲಿ ಒಂದಿಬ್ಬರು ನಕ್ಕರು. ಆದರೆ ಬೊಂಬು ಯಾರೂ ಬಿಡಲಿಲ್ಲ.

*

ಬಾಲವಾಡಿಯಲ್ಲಿ ಹೊಡೆತ ಇರಲಿಲ್ಲ. ಶಿಕ್ಷೆ ಇತ್ತು.

ಇಬ್ಬರು ಮಕ್ಕಳು ಜಗಳವಾಡಿದರೆ ಅವತ್ತು ಸಾಯಂಕಾಲ ಇವನು ಅವನ ಮನೆಗೆ ಹೋಗಬೇಕು, ಅವನು ಇವನ ಮನೆಗೆ. ಹೊಸ್ತಿಲಲ್ಲಿ ನಿಂತು ಬಂದರೆ ಆಗದು, ಒಳಗೆ ಕೂರಬೇಕು. ಕೂತು, ಆ ಮನೆಯಲ್ಲಿ ತನಗೆ ಗೊತ್ತಿಲ್ಲದ್ದು ಏನಿದೆಯೋ ಅದನ್ನು ಕೇಳಬೇಕು. ಮಾರನೆ ದಿನ ಚಾಪೆಯ ಮೇಲೆ ಎಲ್ಲರ ಮುಂದೆ ಹೇಳಬೇಕು. ಹೇಳುವಾಗ ಯಾರೂ ಛೀ ಅನ್ನಬಾರದು. ಅಂದವರಿಗೂ ಅದೇ ಶಿಕ್ಷೆ.

ಮೊದಲ ಸಲ ಅಂಜನಪ್ಪನೂ ಜಬೀವುಲ್ಲನೂ ಒಂದು ಬಳಪಕ್ಕೆ ಕಚ್ಚಾಡಿದ್ದರು. ಮಾರನೆ ದಿನ ಅಂಜನಪ್ಪ ಮೂಗು ಒರೆಸಿಕೊಂಡು ಎದ್ದು ನಿಂತ.

"ನಾನು ಜಬೀವುಲ್ಲನ ಮನೆಗೆ ಹೋಗಿದ್ದೆ. ಒಳಗೆ ಕೂತೆ. ಚೊಂಬಿಗೆ ಮೂಗು ಯಾಕಿದೆ ಅಂತ ಕೇಳಿದೆ. ನೀರು ಸಣ್ಣಗೆ ಬೀಳಲಿ, ದಂಡ ಆಗದಿರಲಿ ಅಂತ ಅವರಮ್ಮ ಹೇಳಿದರು. ಬಿಸ್ಕತ್ತು ಕೊಟ್ಟರು."

ಬಿಸ್ಕತ್ತಿನ ಮಾತು ಕೇಳಿ ಅವತ್ತು ಬಾಲವಾಡಿಯಲ್ಲಿ ಬೇಕಂತಲೇ ಜಗಳಗಳಾದವು.

ಜಬೀವುಲ್ಲ ತಂದ ಸುದ್ದಿ ಬೇರೆ ಥರದ್ದು. "ಹೊಸ್ತಿಲಿಗೆ ಅರಿಶಿನ ಯಾಕೆ ಅಂತ ಕೇಳಿದೆ. ಅವರಜ್ಜಿ ನಂಗೂ ಗೊತ್ತಿಲ್ಲ, ನಮ್ಮತ್ತೆ ಹಚ್ತಿದ್ರು ಅಂದರು."

ಹನುಮಕ್ಕ ಮಿಸ್‌ಗೆ ಅದು ಬಹಳ ಹಿಡಿಸಿತು. ಅಂಜನಪ್ಪನ ಕಡೆ ತಿರುಗಿ, "ನೋಡಿದ್ಯಾ? ನಿಮ್ಮನೇದು ನಿಮಗೇ ಗೊತ್ತಿಲ್ಲ. ಅವನು ಕೇಳಿದ್ದಕ್ಕೆ ಗೊತ್ತಿಲ್ಲ ಅಂತಾದ್ರೂ ಗೊತ್ತಾಯ್ತು" ಎಂದರು. ಆ ಮಾತು ಮಕ್ಕಳಿಗೆ ಅರ್ಥವಾಗಲಿಲ್ಲ, ಆದರೂ ಎಲ್ಲರೂ ಅಂಜನಪ್ಪನ ಕಡೆ ನೋಡಿದರು.

ಸಮಾಜದ ಸೆಕ್ರೆಟರಿ ಅಮ್ಮನವರು ಒಂದು ದಿನ ಬಂದು ನೋಡಿ, "ಏನು ಹನುಮಕ್ಕ, ಜಗಳ ಆಡಿದೋರನ್ನ ನೆಂಟರ ಮನೆಗೆ ಕಳಿಸ್ತೀಯ? ಇದೆಂಥ ಶಿಕ್ಷೆ?" ಎಂದು ಕೇಳಿದ್ದರು.

"ಸುಲಭ ಅಲ್ಲ ಅಮ್ಮಾವ್ರೇ. ಇನ್ನೊಬ್ಬರ ಮನೇಲಿ ಕೂತು ನಂಗೆ ಗೊತ್ತಿಲ್ಲ, ಹೇಳಿ ಅನ್ನೋದಿದೆಯಲ್ಲ, ಅದಕ್ಕಿಂತ ಬೆತ್ತದೇಟು ವಾಸಿ."

ಆರು ತಿಂಗಳ ಹಿಂದೆ ಕಲ್ಲು ಬಿದ್ದಾಗಲೂ ಅವರು ಬೆನ್ನು ಬಗ್ಗಿಸಿಕೊಂಡು ಎರಡೂ ಗಲ್ಲಿಯ ಹಿರಿಯರ ಹತ್ತಿರ ಹೋಗಿ ಇದೇ ಹೇಳಿದರು. ಒಬ್ಬರ ಮನೆಗೆ ಒಬ್ಬರು ಹೋಗಿ, ಕೂತು ಕೇಳಿ ಎಂದು. ಎಲ್ಲರೂ ಮರ್ಯಾದೆಯಿಂದಲೇ ನಕ್ಕರು. "ಇದು ಮಕ್ಕಳ ಜಗಳ ಅಲ್ಲ ಮಿಸ್" ಎಂದರು. ಹನುಮಕ್ಕ ಸುಮ್ಮನೆ ವಾಪಸು ಬಂದರು.

*

ಹೊರಗೆ ದನಿ ಜೋರಾಯಿತು.

"ಆ ಗಲ್ಲೀಲಿ ತಗೊಂಡು ಹೋದ್ರೆ ನಾವ್ಯಾರೂ ಬರಲ್ಲ, ಹೇಳ್ಬಿಡಿ."

"ಬರಬೇಡ್ರಿ, ಯಾರು ಕರೆದ್ರು ನಿಮ್ಮನ್ನ?"

ಯಶೋಧರಾ ಎದ್ದು ಬಾಗಿಲಿಗೆ ಬಂದಳು. ಕೂದಲು ಬಿಚ್ಚಿತ್ತು, ಕಣ್ಣು ಒಣಗಿತ್ತು. ಅವಳನ್ನು ಕಂಡು ಎಲ್ಲರೂ ಸುಮ್ಮನಾದರು. ಈಗ ಒಂದು ಗಲ್ಲಿಯ ಹೆಸರು ಹೇಳುತ್ತಾಳೆಂದು ಕಾದರು. ಅವಳಿಗೂ ಹಾಗೇ ಅನ್ನಿಸಿತ್ತು. ಬಾಯಿ ತೆರೆದಾಗ ಬೇರೆಯೇ ಬಂತು.

"ಅಂಜನಾ, ನೀನು ಜಬಿ ಮನೆಗೆ ಹೋಗು. ಜಬಿ, ನೀನು ಇವನ ಮನೆಗೆ."

"ಏನಕ್ಕೆ?"

"ಜಗಳ ಆಡಿದೀರಲ್ಲ. ಒಳಗೆ ಕೂತು ಕೇಳ್ಕೊಂಡು ಬನ್ನಿ."

ಅಂಜನಪ್ಪ ಸುತ್ತ ನೋಡಿದ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮಂಡಿ ಇಟ್ಟವನು, ನಾಲ್ಕು ಜನಕ್ಕೆ ಬುದ್ಧಿ ಹೇಳುವವನು. "ಯಶೋ, ಹುಡುಗಾಟಾನಾ? ಇಷ್ಟು ಜನದ ಮುಂದೆ..."

"ಆಗಲೂ ಜನದ ಮುಂದೇನೇ ಅಲ್ವಾ? ನೀವಿಬ್ರೂ ಬರೋವರೆಗೂ ಅಮ್ಮನ್ನ ಎತ್ತಲ್ಲ."

ವೆಂಕಟಪ್ಪ ಗಾಬರಿಯಾದರು. "ಮಣ್ಣಿಗಿಡೋ ಹೊತ್ತಲ್ಲಿ ಏನವ್ವಾ ಇದು ನಿಂದು?"

ಅವಳು ಒಳಗೆ ಹೋಗಿ ಕೂತಳು. ಆಮೇಲೆ ಜಬೀವುಲ್ಲ ತನ್ನ ತುದಿಯನ್ನು ನಿಧಾನವಾಗಿ ನೆಲಕ್ಕಿಟ್ಟ. ಇನ್ನೊಂದು ತುದಿ ಅಂಜನಪ್ಪ ಇಟ್ಟ. ಅಂಜನಪ್ಪ ಮಸೀದಿ ಗಲ್ಲಿಗೆ ತಿರುಗಿದ, ಜಬೀವುಲ್ಲ ಗುಡಿ ಗಲ್ಲಿಗೆ. ಯಾರೂ ಜೊತೆಗೆ ಹೋಗಲಿಲ್ಲ. ಈ ಶಿಕ್ಷೆಗೆ ಒಬ್ಬನೇ ಹೋಗಬೇಕೆಂದು ಅಲ್ಲಿ ನಿಂತಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಅವರೂ ಆ ಚಾಪೆಯ ಮೇಲೆ ಕೂತು ಎದ್ದವರೇ.

*

ಕೆಳಗೆ ಜಬೀವುಲ್ಲನ ಹಾಸಿಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಕಡಿದು, ಒಬ್ಬರು ಹತ್ತಿದರೆ ಇನ್ನೊಬ್ಬರು ಕಾಯಬೇಕು. ಅಂಜನಪ್ಪ ಉಸಿರು ಬಿಡುತ್ತಾ ಹತ್ತಿದ. ಕಿಟಕಿಯ ಪಕ್ಕದ ಮಂಚದಲ್ಲಿ ಜಬೀವುಲ್ಲನ ತಾಯಿ ಖಮರ್‌ಬೀ ಕೂತಿದ್ದರು. ಸೊಂಟ ಮುರಿದು ಮಂಚ ಹಿಡಿದು ಎಷ್ಟೋ ವರ್ಷವಾಗಿತ್ತು. ಬಿಸ್ಕತ್ತು ಕೊಟ್ಟವರು ಅವರೇ.

"ಯಾರು, ಅಂಜನಾ? ದಪ್ಪ ಆಗಿದೀಯ."

"ಹೂಂ ಅಮ್ಮಿ."

"ಜಗಳ ಆಡಿದ್ರಾ?"

"...ಹೂಂ."

"ಹಾಗಾದ್ರೆ ಕೂತ್ಕೊ. ಕೇಳು."

ಅಂಜನಪ್ಪ ಸ್ಟೂಲಿನ ಮೇಲೆ ಕೂತ. ಏನು ಕೇಳುವುದು? ಆ ಮನೆಯಲ್ಲಿ ಹಬ್ಬಕ್ಕೆ ಸೇಮಿಗೆ ತಿಂದಿದ್ದ, ಮದುವೆಗೆ ಬಂದಿದ್ದ. ಕಳೆದ ಆರು ತಿಂಗಳು ಮಾತ್ರ ಬಂದಿರಲಿಲ್ಲ. ಎಲ್ಲ ಗೊತ್ತಿರುವುದೇ ಅಂದುಕೊಂಡು ನೋಡಿದರೆ, ಕಿಟಕಿಗೆ ಒಂದು ಕಂಬಿ ಇರಲಿಲ್ಲ. ಮೇಲೂ ಕೆಳಗೂ ಗರಗಸದ ಗುರುತು.

"ಆ ಕಂಬಿ ಯಾಕೆ ಕತ್ತರಿಸಿದೀರ ಅಮ್ಮಿ? ಕಳ್ಳರು ಬರಲ್ವಾ?"

"ಅದು ಹನುಮಕ್ಕಂಗೆ ಕತ್ತರಿಸಿದ್ದು."

"ಮಿಸ್‌ಗಾ?"

"ದಿನಾ ಸಾಯಂಕಾಲ ಹಾಲು ತಗೊಂಡು ಹೋಗ್ತಾ ಈ ಕಿಟಕಿ ಕೆಳಗೆ ನಿಲ್ಲೋಳು. ನಾನು ಇಳಿಯಂಗಿಲ್ಲ, ಅವಳು ಹತ್ತಂಗಿಲ್ಲ. ಅವಳ ಬೆನ್ನು ಬಗ್ಗಿಹೋಯ್ತಲ್ಲ, ಕತ್ತು ಮೇಲೆ ಏಳ್ತಾನೇ ಇರಲಿಲ್ಲ. ಕಂಬಿ ಇದ್ರೆ ನನ್ನ ತಲೆ ಹೊರಗೆ ಬರಲ್ಲ. ಅದಕ್ಕೆ ಜಬಿಗೆ ಹೇಳಿ ತೆಗೆಸಿದೆ."

"ಗಲಾಟೆ ಆದ ಮೇಲೂ ಬರ್ತಿದ್ರಾ?"

"ಮಾರನೇ ದಿನಾನೇ ಬಂದಳು. ಗಲ್ಲೀಲಿ ಪೊಲೀಸರು ಬಿಟ್ರೆ ಒಂದು ನಾಯಿ ಇರಲಿಲ್ಲ. ಬೂಬಮ್ಮನ್ನ ಮಾತಾಡಿಸ್ಬೇಕು ಬಿಡಪ್ಪಾ ಅಂತ ಅವರನ್ನೇ ಸರಿಸ್ಕೊಂಡು ಬಂದಳು."

"ಏನು ಮಾತಾಡ್ತಿದ್ರಿ?"

"ಇವತ್ತು ಸಾರೇನು ಅಂತ ನೆಲ ನೋಡ್ಕೊಂಡು ಅವಳು ಕೇಳ್ತಿದ್ದಳು. ಅವಳ ಬೈತಲೆ ನೋಡ್ಕೊಂಡು ನಾನು ಹೇಳ್ತಿದ್ದೆ." ಖಮರ್‌ಬೀ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಮುಖ ನೋಡಿ ಯಾವ ಕಾಲ ಆಯ್ತೋ. ಇವತ್ತು ಈ ಕಡೆ ತರ್ತಾರೆ ಅಂದ ಜಬಿ. ಮಲಗಿಸ್ಕೊಂಡು ತರ್ತಾರಲ್ಲ, ಮುಖ ಮೇಲಕ್ಕಿರುತ್ತೆ ಇವತ್ತು."

ಖಮರ್‌ಬೀ ದಿಂಬಿನ ಕೆಳಗೆ ತಡಕಿದರು. "ಬಿಸ್ಕತ್ತು ಇಲ್ಲ ಕಣೋ. ಸಕ್ಕರೆ ಕಾಯಿಲೆ ಅಂತ ತಂದೇ ಕೊಡಲ್ಲ ಇವರು."

*

ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ವಾಪಸು ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗುಂಪು ಬಾಗಿಲಿಗೆ, ಕಿಟಕಿಗೆ ಒತ್ತಿಕೊಂಡಿತು. ಏನು ಕೇಳಿಕೊಂಡು ಬಂದಿದ್ದಾರೆಂಬ ಕುತೂಹಲದಲ್ಲಿ ಫೋನು ಹಿಡಿದವನೂ ಅದನ್ನು ಜೇಬಿಗಿಟ್ಟ.

"ಚಾಪೆ ಮೇಲೆ ಬನ್ನಿ" ಎಂದಳು ಯಶೋಧರಾ.

ಚಾಪೆಯ ಮೇಲೆ ಹನುಮಕ್ಕ ಇದ್ದರು. ಅವರ ಕಾಲ ಬಳಿ ಉಳಿದ ಜಾಗದಲ್ಲಿ ಇಬ್ಬರೂ ಕೂತರು.

ಅಂಜನಪ್ಪ ಕಂಬಿಯ ಕತೆ ಹೇಳಿದ. ಹೇಳಿ ಮುಗಿಸಿ, "ಅಷ್ಟೇ" ಎಂದ. ಜಬೀವುಲ್ಲನ ಸರದಿ ಬಂತು. ಅವನು ಅಂಜನಪ್ಪನ ಕಡೆ ಒಂದು ಸಲ ನೋಡಿದ.

"ಹೇಳ್ಲಾ?"

ಅಂಜನಪ್ಪನಿಗೆ ಅವನೇನು ಕೇಳಿ ಬಂದಿದ್ದಾನೆಂದು ಗೊತ್ತಾಯಿತು. ತಲೆ ತಗ್ಗಿಸಿದ. "ಹೇಳಬೇಕಲ್ಲ. ಹೇಳು."

"ನಾನು ಅಂಜನಪ್ಪನ ಮನೆಗೆ ಹೋಗಿದ್ದೆ" ಎಂದ ಜಬೀವುಲ್ಲ. ದನಿ ತಾನಾಗಿ ಹಳೆಯ ರಾಗಕ್ಕೆ ಹೋಯಿತು. "ಒಳಗೆ ಕೂತೆ. ಮನೆ ಮುಂದೆ ಗಲ್ಲೀನ ಯಾರು ಗುಡಿಸಿದ್ದು, ಯಾಕೆ ಇಷ್ಟು ನೀರು ಹಾಕಿದೀರ ಅಂತ ಕೇಳಿದೆ. ಅವನ ಹೆಂಡತಿ ಜ್ಯೋತಿಲಕ್ಷ್ಮಿ ಹೇಳಿದ್ರು. ಬೆಳಿಗ್ಗೆ ಸುದ್ದಿ ಬಂದ ತಕ್ಷಣ ಇವನೇ ಪೊರಕೆ ತಗೊಂಡು ದೊಡ್ಡ ರಸ್ತೆಯಿಂದ ಇಲ್ಲಿವರೆಗೂ ಗುಡಿಸಿದನಂತೆ. ಯಾಕೆ ಅಂದೆ." ಜಬೀವುಲ್ಲ ನಿಲ್ಲಿಸಿದ. "ಯಶೋ, ನಿಮ್ಮಪ್ಪ ಹೋದಾಗ ಅವರನ್ನ ಗುಡಿ ಗಲ್ಲೀಲಿ ಬಿಡಲಿಲ್ಲವಂತೆ. ಇವರಪ್ಪ ದೊಡ್ಡಬೈರಪ್ಪನೋರು ಗುಡಿ ಮುಂದೆ ಅಡ್ಡ ನಿಂತರಂತೆ. ನಿಮ್ಮ ಜನದ ಹೆಣ ಆಂಜನೇಯನ ಮುಂದೆ ಹೋಗಬಾರದು ಅಂತ. ಅವತ್ತು ನಮ್ಮ ಗಲ್ಲೀಲಿ ತಗೊಂಡು ಹೋದ್ರಂತೆ. ಜ್ಯೋತಕ್ಕಂಗೆ ಅವರತ್ತೆ ಸಾಯೋ ಮುಂಚೆ ಹೇಳಿದ್ದಂತೆ. ಇಷ್ಟೇ ನಾನು ಕೇಳಿದ್ದು."

ಗುಡಿ ಗಲ್ಲಿಯ ಮುದುಕರೊಬ್ಬರು ಅತ್ತ ಮುಖ ತಿರುಗಿಸಿದರು. ವೆಂಕಟಪ್ಪ ನೆಲ ನೋಡುತ್ತಿದ್ದರು. ಅವತ್ತು ಚಟ್ಟ ಹೊತ್ತವರಲ್ಲಿ ಅವರೂ ಒಬ್ಬರು.

ಜಬೀವುಲ್ಲ ಎದ್ದು ನಿಂತ. "ಅದಕ್ಕೇ ಹೇಳ್ತಿದೀನಿ. ಮಿಸ್‌ನ ಗುಡಿ ಗಲ್ಲೀಲೇ ತಗೊಂಡು ಹೋಗ್ಬೇಕು."

"ಇಲ್ಲ," ಅಂಜನಪ್ಪನೂ ಎದ್ದ. "ಮಸೀದಿ ಗಲ್ಲೀಲಿ. ಅಮ್ಮಿ ಕಾಯ್ತಾ ಕೂತವ್ರೆ."

"ನಮ್ಮಮ್ಮಂಗೆ ನಾನು ಹೇಳ್ಕೋತೀನಿ. ನೀನು ಅಷ್ಟು ದೂರ ಗುಡಿಸಿಲ್ವಾ?"

"ಗುಡಿಸಿದ್ದು ಗುಡಿಸಿದೆ, ಏನೀಗ? ನಿಮ್ಮ ಗಲ್ಲೀಲೇ ಹೋಗ್ಲಿ ಅಂತೀನಿ."

"ಏಯ್, ನಿನ್ನ ಗಲ್ಲೀಲೇ ಹೋಗ್ಬೇಕು ಅಂತೀನಿ ನಾನು."

ಹೊರಗೆ ನಿಂತವರಿಗೆ ಏನೂ ತಿಳಿಯಲಿಲ್ಲ. "ಯಾರು ಯಾವ ಕಡೆ ಈಗ?" ಎಂದು ಒಬ್ಬ ಕೇಳಿದ. "ಗೊತ್ತಿಲ್ಲ, ಅದಲು ಬದಲಾಗಿದೆ" ಎಂದ ಇನ್ನೊಬ್ಬ.

*

ಯಶೋಧರಾ ಆ ಗದ್ದಲ ಕೇಳುತ್ತಿರಲಿಲ್ಲ. ಅವಳಿಗೆ ಒಂದು ಮೆಟ್ಟಿಲು ನೆನಪಾಗುತ್ತಿತ್ತು.

ಅಪ್ಪ ಹೋದ ವರ್ಷವೇ ಅದು. ಅವಳಿಗೂ ಅಂಜನಪ್ಪನಿಗೂ ಯಾವುದಕ್ಕೋ ಜಗಳವಾಗಿ ಅಮ್ಮ ಅವಳನ್ನು ಅವನ ಮನೆಗೆ ಕಳಿಸಿದ್ದಳು. ಜಗಲಿಯ ಮೇಲೆ ದೊಡ್ಡಬೈರಪ್ಪನವರು ಕೂತಿದ್ದರು. ಅಲ್ಲೇ ಕೂತ್ಕೊ ಎಂದು ಮೆಟ್ಟಿಲು ತೋರಿಸಿ, ಬೆಲ್ಲದ ಚೂರು ಕೊಟ್ಟರು.

"ಒಳಗೆ ಕೂತೆಯಾ?" ಎಂದು ಮಾರನೆ ದಿನ ಅಮ್ಮ ಕೇಳಿದಳು.

"ಮೆಟ್ಟಿಲ ಮೇಲೆ."

"ಹಾಗಾದ್ರೆ ಆಗಲಿಲ್ಲ. ಇವತ್ತೂ ಹೋಗು."

ಅವತ್ತೂ ಮೆಟ್ಟಿಲು. ಅದರ ಮಾರನೆ ದಿನವೂ ಮೆಟ್ಟಿಲು. ಬಾಲವಾಡಿಯ ಮಕ್ಕಳೆಲ್ಲ ಬೆಳಗಾದರೆ ಅವಳನ್ನು ಸುತ್ತುವರಿದು, "ಒಳಗೆ ಕೂತೆಯಾ, ಒಳಗೆ ಕೂತೆಯಾ?" ಎಂದು ಕೇಳುತ್ತಿದ್ದರು. ಅಮ್ಮ ಸಿಟ್ಟಾಗಲಿಲ್ಲ, ದೊಡ್ಡಬೈರಪ್ಪನವರ ಮೇಲೆ ಒಂದು ಮಾತು ಆಡಲಿಲ್ಲ. ಇವತ್ತೂ ಹೋಗು ಎನ್ನುತ್ತಿದ್ದಳು, ಅಷ್ಟೇ. ಕೊನೆಗೆ ಒಂದು ಸಾಯಂಕಾಲ ಅಂಜನಪ್ಪನೇ ಒಳಗಿನಿಂದ ಓಡಿಬಂದು ಅವಳ ಕೈ ಹಿಡಿದು ಎಳೆದ. "ಇವಳು ಒಳಗೆ ಕೂರದಿದ್ರೆ ನನ್ನ ಶಿಕ್ಷೆನೂ ಮುಗಿಯಲ್ಲ ಅಪ್ಪಾ!"

ದೊಡ್ಡಬೈರಪ್ಪನವರು ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಬಾ" ಎಂದು ಕಾಲು ಸರಿಸಿ ದಾರಿ ಬಿಟ್ಟರು. ಒಳಗೆ ಹೋಗಿ ರಾಗಿ ಮೂಟೆಯ ಪಕ್ಕ ಕೂತು ಅವಳು ಕೇಳಿದ್ದಳು, "ಈ ಮನೆ ಒಳಗೆ ಯಾಕೆ ಇಷ್ಟು ಕತ್ತಲೆ?"

"ಕಿಟಕಿ ಇಡಿಸಲಿಲ್ಲ ಕಣಮ್ಮ" ಎಂದಿದ್ದರು ಅವರು.

ಅದನ್ನು ಹಾಗೇ ಚಾಪೆಯ ಮೇಲೆ ಬಂದು ಹೇಳಿದಳು. ಅಮ್ಮ ನಕ್ಕಿದ್ದು ನೆನಪಿದೆ. ಅಪ್ಪನ ಚಟ್ಟಕ್ಕೆ ಅಡ್ಡ ನಿಂತವರ ಮನೆ ಅದು ಎಂದು ಅಮ್ಮ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೇಳಬೇಕೆಂದು ಅವಳಿಗೂ ತೋಚಿರಲಿಲ್ಲ.

*

"ಮಾವ," ಎಂದಳು ಯಶೋಧರಾ. "ಒಂದು ಕೇಳ್ತೀನಿ. ಚಟ್ಟ ತಿರುಗಿಸಬಾರದು ಅಂದ್ರಲ್ಲ, ಯಾವತ್ತೂ ತಿರುಗಿಸೋದೇ ಇಲ್ವಾ?"

ವೆಂಕಟಪ್ಪ ತಲೆ ಎತ್ತಿದರು. ಇಂಥದ್ದನ್ನು ಯಾರೂ ಅವರನ್ನು ಕೇಳಿದ್ದಿಲ್ಲ. ಎಲ್ಲರೂ ಅವರು ಹೇಳಿದಂತೆ ಮಾಡುತ್ತಿದ್ದರು, ಅಷ್ಟೇ.

"ತಿರುಗಿಸ್ತೀವಿ. ಅರ್ಧ ದಾರೀಲಿ ಕೆಳಗೆ ಇಳಿಸ್ತೀವಲ್ಲ, ಅಲ್ಲಿ ಹೆಗಲು ಬದಲಾಯಿಸಿ, ತಲೆ ಕಡೆ ಕಾಲು ಕಡೆ ತಿರುಗಿಸಿಯೇ ಎತ್ತೋದು."

"ಅರ್ಧ ದಾರಿ ಇದೇ ಜಾಗ ಅಂತ ಯಾರು ಹೇಳೋದು?"

"ಯಾರು ಹೇಳ್ತಾರೆ? ಹೊತ್ತವರಿಗೆ ಭಾರ ಆದ ಕಡೆ." ಹೇಳಿದ ಮೇಲೆ ಅವರಿಗೇ ಏನೋ ಹೊಳೆದಂತಾಯಿತು. ಮಸೀದಿ ಗಲ್ಲಿಯ ಕಡೆ ನೋಡಿದರು. "ಗುಡಿ ಗಲ್ಲಿ ಹತ್ತಿ, ದೊಡ್ಡ ರಸ್ತೆ ಸೇರಿ, ಆ ಕಡೆಯಿಂದ ಈ ಗಲ್ಲಿಗೆ ಇಳಿದ್ರೆ..."

"ಮನೆ ಮುಂದಕ್ಕೆ ಬರಲ್ಲ. ಕಿಟಕಿವರೆಗೆ ಅಷ್ಟೇ."

"ಅಲ್ಲಿ ಇಳಿಸಿ, ತಿರುಗಿಸಿ ವಾಪಸ್ ರಸ್ತೆಗೆ." ವೆಂಕಟಪ್ಪ ಟವಲು ಕೊಡವಿ ಹೆಗಲಿಗೆ ಹಾಕಿದರು. "ಭಾರ ಆಗ್ಬೇಕು ಅಷ್ಟೇ. ನಮ್ಮಕ್ಕ ಗುಬ್ಬಿ ಥರ ಅವ್ಳೆ."

"ನಂಗೆ ಭಾರ ಆಗುತ್ತೆ" ಎಂದ ಅಂಜನಪ್ಪ.

"ನಂಗೆ ಈಗಲೇ ಆಗಿದೆ" ಎಂದ ಜಬೀವುಲ್ಲ.

ಎರಡೂ ಗಲ್ಲಿ ಕೂಡುವ ಜಾಗದಲ್ಲೇ ಚಟ್ಟ ಕಟ್ಟಿದರು. ಅಂಜನಪ್ಪ ಮಂಡಿಯಿಂದ ಸೇವಂತಿಗೆ ತರಿಸಿದ್ದ. ವೆಂಕಟಪ್ಪ ಪುರಿಯಿಂದ ಕಡ್ಲೆ ಆರಿಸಲು ಕೂತು, ಅದು ಆಗುವ ಕೆಲಸವಲ್ಲವೆಂದು ಬಿಟ್ಟುಕೊಟ್ಟರು. ಗುಡಿ ಗಲ್ಲಿಯ ನೆಲ ಇನ್ನೂ ಒದ್ದೆಯಿತ್ತು. ಹೆಣ ಹೋಗುವಾಗ ಎಲ್ಲ ಗುಡಿಗೂ ಹಾಕುವಂತೆ ಆಂಜನೇಯನ ಗುಡಿಗೂ ಬಾಗಿಲು ಹಾಕಿತ್ತು. ಅದರ ಮುಂದೆ, ಮುಂದಿನ ಬಲಗಡೆಯ ಹೆಗಲು ಕೊಟ್ಟಿದ್ದ ಅಂಜನಪ್ಪನ ಹೆಜ್ಜೆ ಬಹಳ ನಿಧಾನವಾಯಿತು. ಹಿಂದಿನವರೂ ನಿಧಾನವಾದರು. ಅಂಜನಪ್ಪನ ಮನೆಯ ಮೆಟ್ಟಿಲ ಮೇಲೆ ಜ್ಯೋತಿಲಕ್ಷ್ಮಿ ಕೈ ಮುಗಿದು ನಿಂತಿದ್ದಳು.

ದೊಡ್ಡ ರಸ್ತೆಯಲ್ಲಿ ಬಸ್ಸು, ಆಟೋ ಸರಿದು ದಾರಿ ಬಿಟ್ಟವು. ಮುಕ್ತಿವಾಹನದ ಡ್ರೈವರು ಹಿಂಬಾಗಿಲು ತೆಗೆದು ನಿಂತಿದ್ದ. ಅವನನ್ನು ದಾಟಿಕೊಂಡು ಹೋದ ಚಟ್ಟವನ್ನು ನೋಡಿ, "ಎಲ್ಲಿಗ್ರೀ?" ಎಂದು ಕೂಗಿದ.

ಕಿಟಕಿಯ ಕೆಳಗೆ ಚಟ್ಟ ಇಳಿಯಿತು. ಮುಖದ ಮೇಲೆ ಬಿದ್ದಿದ್ದ ಹಾರವನ್ನು ಯಶೋಧರಾ ಪಕ್ಕಕ್ಕೆ ಸರಿಸಿದಳು. ಕಂಬಿ ಇಲ್ಲದ ಕಡೆಯಿಂದ ಖಮರ್‌ಬೀಯ ತಲೆ ಹೊರಗೆ ಬಂತು, ಆಮೇಲೆ ಒಂದು ಹೆಗಲು. ಅವರು ನೋಡಿದರು. ನೋಡಿ ಮುಗಿಯುವವರೆಗೆ ಕೆಳಗಿನವರು ಕಾದರು. ತಲೆ ಒಳಗೆ ಹೋಯಿತು. ಆಯಿತೆಂದು ವೆಂಕಟಪ್ಪ ಹೆಗಲು ಬದಲಾಯಿಸಲು ಹೇಳುವಷ್ಟರಲ್ಲಿ, ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯತೊಡಗಿತು. ಮೇಲಿನ ಮನೆಯವರು ತರಕಾರಿ ಗಾಡಿಗೆ ಇಳಿಬಿಡುವ ಬುಟ್ಟಿ.

"ಏನೋ ಕಳಿಸ್ತಿದಾರೆ" ಎಂದರು ಯಾರೋ. ಎಲ್ಲರ ಕಣ್ಣೂ ಬುಟ್ಟಿಯ ಮೇಲೆ. ಅದು ತಿರುಗುತ್ತಾ ತಿರುಗುತ್ತಾ ಇಳಿದು ಚಟ್ಟದ ಪಕ್ಕ ನಿಂತಿತು. ಜಬೀವುಲ್ಲ ಬಗ್ಗಿ ನೋಡಿದ.

"ಖಾಲಿ" ಎಂದ.

ಮೇಲೆ ನೋಡಿದ. ಕಿಟಕಿಯಲ್ಲಿ ಕೈ ಮಾತ್ರ ಕಾಣುತ್ತಿತ್ತು, ಹಗ್ಗ ಹಿಡಿದುಕೊಂಡು ಕಾಯುತ್ತಿತ್ತು. ಏನೋ ಬೇಕಾಗಿತ್ತು ಆ ಕೈಗೆ.

ಅಂಜನಪ್ಪ ಹೂವಿನವನು. ಹೆಣದ ಮೇಲಿನ ಹೂವನ್ನು ಮನೆಯೊಳಗೆ ತಗೊಳ್ಳುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಮಂಡಿಯೂರಿ, ಹನುಮಕ್ಕನ ಕೆನ್ನೆಯ ಬಳಿ ಇದ್ದ ಒಂದು ಮೊಳ ಸೇವಂತಿಗೆಯನ್ನು ಬಿಡಿಸಿ ಬುಟ್ಟಿಯಲ್ಲಿಟ್ಟ.

ಹಗ್ಗ ಬಿಗಿಯಾಯಿತು. ಬುಟ್ಟಿ ಒಂದು ಗೇಣು ಏರಿ ನಿಂತಿತು, ಮತ್ತೆ ಏರಿತು. ಗೋಡೆಗೆ ತಾಗದಿರಲೆಂದು ಅಂಜನಪ್ಪನೂ ಜಬೀವುಲ್ಲನೂ ಕೈ ಎಟುಕುವವರೆಗೆ ಅದನ್ನು ಕೆಳಗಿನಿಂದ ಹಿಡಿದಿದ್ದರು. ಆಮೇಲೆ ಎಟುಕಲಿಲ್ಲ. ಎರಡೂ ಗಲ್ಲಿಯವರು ಕತ್ತೆತ್ತಿ ನೋಡುತ್ತಿದ್ದರು.